ಓದುಗರ ಸ್ಪಂದನ: ತವರಿಗೆ ಹೋಗಲೇ?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಪತಿ ಏಳು ತಿಂಗಳಿಂದ ಸಣ್ಣದಕ್ಕೂ ಸಿಡುಕುತ್ತಾರೆ, ಮರುಗಳಿಗೆಯಲ್ಲಿ ಅಳುತ್ತಾರೆ, ತಮಗೇನೂ ಆಗಿಲ್ಲವೆಂದು ಸಾಧಿಸುತ್ತಾರೆ. ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಲೇ ಎಂದು ಹಾಸನದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

‘ಕಾಲು ಮುರಿದಿದ್ದರೆ ತವರಿನ ಮಾತು ಬರುತ್ತಿತ್ತೇ?’
– ನಿವೃತ್ತ ಶಿಕ್ಷಕ, ದಾವಣಗೆರೆ

ಇದೇ ಧಾಟಿಯ ಪತ್ರಗಳು ಇನ್ನೂ ಇದ್ದವು, ಒಂದು ಸಾಕೆನಿಸಿತು. ಮುಂದಿನದನ್ನು ಮೊಟಕುಗೊಳಿಸಿಲ್ಲ.

‘ನಿಮ್ಮ ಪತ್ರವನ್ನು ಓದಲಾಗದೆ ಎರಡು ಸಲ ಮಡಚಿಟ್ಟೆ. ನನ್ನ ಅಣ್ಣ ಕೊನೆ ಕೊಯ್ಯಲು ಹತ್ತಿ ಅಡಿಕೆ ಮರದಿಂದ ಬಿದ್ದವನು. ಎಂದೂ ದನಿ ಏರಿಸದವನು ಚಹಾದ ಮೇಲೆ ಕೆನೆ ಕಟ್ಟಿತೆಂದು ಲೋಟವನ್ನು ಗೋಡೆಗೆ ಎಸೆದ. ಆ ಕಲೆ ಇನ್ನೂ ಇದೆ. ಹಣೆಯ ಹಿಂದಿರುವ ಮೆದುಳಿನ ಭಾಗವೇ ಸಿಟ್ಟಿಗೆ ಲಗಾಮು, ಪೆಟ್ಟಾಗಿರುವುದು ಅದಕ್ಕೆ, ತನಗೇನೂ ಆಗಿಲ್ಲವೆನ್ನುವುದೂ ನಟನೆಯಲ್ಲ, ಗಾಯದ್ದೇ ಲಕ್ಷಣವಿರಬಹುದು ಎಂದು ವೈದ್ಯರು ತಿಳಿಸಿ ಹೇಳುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ದಣಿದ ಸಂಜೆಗಳಲ್ಲಿ, ಕುಕ್ಕರು ಮತ್ತು ಟಿವಿ ಒಟ್ಟಿಗೆ ಕೂಗುವಾಗಲೇ ಅವನು ಸಿಡಿಯುತ್ತಾನೆಂಬುದನ್ನು ಗಮನಿಸಿದವರು ಅತ್ತಿಗೆ. ಟಿವಿ ನಿಲ್ಲಿಸಿ, ಮಧ್ಯಾಹ್ನ ಊಟವಾದ ಮೇಲೆ ಮಲಗಿಸಿದರೆ ಸಂಜೆ ಎಷ್ಟೋ ವಾಸಿ. ಫಿಟ್ಸ್ ಬಾರದಿರಲೆಂದು ಕೊಟ್ಟಿದ್ದ ಲೆವೆಟಿರಾಸೆಟಮ್ ಮಾತ್ರೆಯೂ ಕೆಲವರಲ್ಲಿ ಸಿಡುಕು ಹೆಚ್ಚಿಸುತ್ತದಂತೆ. ನಿಮ್ಮವರೂ ಅದನ್ನು ನುಂಗುತ್ತಿದ್ದರೆ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಬದಲಿಸಿದ ಮೇಲೆ ಅಣ್ಣನ ಸಿಟ್ಟು ಇಳಿಯಿತು, ಹೋಗಲಿಲ್ಲ. ಮೂರನೆಯ ವರ್ಷ ಅತ್ತಿಗೆ ತವರಿಗೆ ಹೋದರು. ಅವರನ್ನು ಊರೆಲ್ಲ ಕೇಳುವಂತೆ ಬೈದವಳು ನಾನು. ರಾತ್ರಿಯಿಡೀ ಎದ್ದಿರುತ್ತಿದ್ದವರು ಅವರು. ನಾನು ಹಬ್ಬಕ್ಕೆ ಬಂದು ಹೋಗುತ್ತಿದ್ದವಳು.’
– ಓದುಗಿ, ಶಿರಸಿ

ಮೈಸೂರಿನ ಓದುಗರೊಬ್ಬರು ನಾಲ್ಕು ಪುಟಗಳಲ್ಲಿ ಫಿನಿಯಾಸ್ ಗೇಜ್‌ನನ್ನು ನೆನೆದಿದ್ದಾರೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಕಬ್ಬಿಣದ ಸಲಾಕೆ ತಲೆಯನ್ನು ತೂರಿಹೋದರೂ ಬದುಕುಳಿದ ಆ ರೈಲ್ವೆ ಕೆಲಸಗಾರನನ್ನು ‘ಇವನು ನಮ್ಮ ಗೇಜ್ ಅಲ್ಲ’ ಎಂದು ಗೆಳೆಯರೇ ಹೇಳಿದ್ದರು. ಹಾಗಾದರೆ ಗುಣವೆಂಬುದು ಆತ್ಮದ್ದೋ ಮೆದುಳಿನದ್ದೋ ಎಂಬುದು ಅವರ ಪ್ರಶ್ನೆ. ಹಾಸನದವರು ಕೇಳಿದ್ದು ಅದನ್ನಲ್ಲವಾದರೂ, ಅದೇ ಗೇಜ್ ಮುಂದೆ ಚಿಲಿಯಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದನೆಂಬ ಅವರ ಕೊನೆಯ ಸಾಲನ್ನು ಇಲ್ಲಿ ಉಳಿಸಿಕೊಂಡಿದ್ದೇವೆ.

ಕೊನೆಯದು, ಸ್ವತಃ ಪೆಟ್ಟು ತಿಂದವರದು.

‘ಸಿಟ್ಟು ಬಂದಾಗ ನನಗೆ ನಾನೇ ಸಿಗುವುದಿಲ್ಲ. ಆಗ ಎದುರುತ್ತರ ಕೊಡಬೇಡಿ, ಸಮಾಧಾನವನ್ನೂ ಹೇಳಬೇಡಿ. ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ, ಅರ್ಧ ಗಂಟೆ ಬಿಟ್ಟು ಬನ್ನಿ. ಕೈ ಎತ್ತಿದರೆ ಮಾತ್ರ ಅಂದೇ ತವರಿಗೆ ಹೊರಡಿ. ನನ್ನ ಹೆಂಡತಿ ಹದಿನೈದು ದಿನ ಹೋಗಿದ್ದಳು. ಆಸ್ಪತ್ರೆಗೆ ಹೋಗಲು ನಾನು ಒಪ್ಪಿದ್ದು ಆಗ.’
– ಓದುಗ, ತುಮಕೂರು