ಪದಚರ್ಚೆ: ‘ಕಂಪ್ಲಯನ್ಸ್’ ಮತ್ತು ‘ರಿಸ್ಕ್’ – ಐಸ್ ಪ್ಲಾಂಟಿನ ಗೋಡೆಗೆ ಯಾವ ಕನ್ನಡ?

ಗೆಳೆಯರೇ, ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಸಹಾಯ ಬೇಕು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಸಣ್ಣ ಉದ್ದಿಮೆಗಳಿಗೆ ಪರಿಸರ ಕಾನೂನಿನ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ. ಗೇರುಬೀಜದ ಫ್ಯಾಕ್ಟರಿ, ಮೀನಿನ ಶೆಡ್ಡು, ಹೋಟೆಲು, ಇಂಥವು. ಈಗ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನವರು ಗೋಡೆಗೊಂದು ಬೋರ್ಡು, ಕೆಲಸದವರ ಕೈಗೊಂದು ಸಣ್ಣ ಪುಸ್ತಕ ಕೇಳಿದ್ದಾರೆ. ಎರಡೂ ಕನ್ನಡದಲ್ಲೇ ಇರಬೇಕಂತೆ. ಬಹಳ ಸಂತೋಷದ ವಿಷಯ. ಆದರೆ ಬರೆಯಲು ಕೂತರೆ ‘ಕಂಪ್ಲಯನ್ಸ್’ (ಕಾನೂನಿನ ಷರತ್ತುಗಳಂತೆ ನಡೆಯುವುದು), ‘ರಿಸ್ಕ್’ ಎರಡೂ ಮುಂದೆ ಹೋಗಲು ಬಿಡುತ್ತಿಲ್ಲ.

ಉಳಿದವು ಅಷ್ಟು ಕಷ್ಟವಿಲ್ಲ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ‘ಕನ್ಸೆಂಟ್’ಗೆ ‘ಸಮ್ಮತಿ ಪತ್ರ’ ಇದೆ. ‘ಎನ್‌ಒಸಿ’ಗೆ ‘ನಿರಾಕ್ಷೇಪಣಾ ಪತ್ರ’ ಇದೆ. ಮಾತಾಡುವಾಗ ಯಾರೂ ಹಾಗೆ ಹೇಳುವುದಿಲ್ಲ, ಓದಿದರೆ ತಿಳಿಯುತ್ತದೆ. ಅಷ್ಟು ಸಾಕು.

ಮೊದಲು ‘ಕಂಪ್ಲಯನ್ಸ್’. ನನ್ನ ಮುಂದೆ ಇರುವ ಪದಗಳು: ಅನುಸರಣೆ, ಅನುಪಾಲನೆ, ಪಾಲನೆ, ಬದ್ಧತೆ. ‘ಬದ್ಧತೆ’ ಮನಸ್ಸಿನ ಮಾತಾಯಿತು, ಬಿಡೋಣ. ‘ಅನುಸರಣೆ’ ಎಂದರೆ ಯಾರದ್ದೋ ಹಿಂದೆ ಹೋದ ಹಾಗೆ ಕೇಳುತ್ತದೆ. ಸರ್ಕಾರಿ ಕಚೇರಿಗಳಲ್ಲಿ ‘ಅನುಪಾಲನಾ ವರದಿ’ ಗಟ್ಟಿಯಾಗಿ ನಿಂತಿದೆ. ಹಿಂದಿನ ಸಭೆಯಲ್ಲಿ ಹೀಗೆ ಹೇಳಿದ್ದರು, ನಾವು ಹೀಗೆ ಮಾಡಿದೆವು ಎಂದು ಬರೆದುಕೊಡುವ ಕಾಗದ ಅದು. ನನಗೆ ತೊಡಕು ಕಾಣುವುದು ಇಲ್ಲೇ. ಆ ಪದ ಕೇಳಿದರೆ ಕೆಲಸ ಮುಗಿದಿದೆ, ವರದಿ ಹೋಗಿದೆ ಎಂಬ ಭಾವನೆ ಬರುತ್ತದೆ. ಸಮ್ಮತಿ ಪತ್ರದ ಷರತ್ತುಗಳು ಹಾಗೆ ಮುಗಿಯುವಂಥವಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಐಸ್ ಪ್ಲಾಂಟಿನ ಕಂಪ್ರೆಸರ್, ಜನರೇಟರ್ ಎರಡರಿಂದಲೂ ಹಳೇ ಎಣ್ಣೆ ಬರುತ್ತದೆ. ಇಲ್ಲಿ ಅದನ್ನು ‘ವೇಸ್ಟ್ ಆಯಿಲ್’ ಎನ್ನುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಇದೂ ಸೇರಿದೆ. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು, ಕೊಟ್ಟಿದ್ದಕ್ಕೆ ಲೆಕ್ಕ ಬರೆಯಬೇಕು. ಆದರೆ ನಮ್ಮಲ್ಲಿ ಮರಕ್ಕೆ ಗೆದ್ದಲು ಹತ್ತದಿರಲಿ ಎಂದು ಈ ಎಣ್ಣೆ ಬಳಿಯುವ ರೂಢಿ ಇದೆ. ಪಕ್ಕದ ಮನೆಯವರು ಡಬ್ಬಿ ಹಿಡಿದು ಬಂದು, ‘ತಮಾ, ಸ್ವಲ್ಪ ಎಣ್ಣೆ ಕೊಡೋ’ ಎಂದರೆ ಹೆಲ್ಪರ್ ಹುಡುಗ ಇಲ್ಲ ಎನ್ನುತ್ತಾನೆಯೇ? ಮಾಲೀಕರ ಫೈಲಿನಲ್ಲಿ ಎಲ್ಲ ಸರಿ ಇರುತ್ತದೆ. ಷರತ್ತು ಮುರಿಯುವುದು ಆ ಡಬ್ಬಿ ತುಂಬಿದಾಗ. ಹಾಗಾಗಿ ಕಂಪ್ಲಯನ್ಸ್ ಎಂಬುದು ನಿಜವಾಗಿ ಇರುವುದು ಆ ಹುಡುಗನ ಕೈಯಲ್ಲಿ. ಪದ ಅವನಿಗೆ ಮುಟ್ಟಬೇಕು ಎಂಬುದೇ ನನ್ನ ಆಸೆ.

‘ಪಾಲಿಸು’ ಎಂಬ ಕ್ರಿಯಾಪದ ಮಾತ್ರ ಎಲ್ಲರಿಗೂ ಹತ್ತಿರ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದಲ್ವಾ, ಅದನ್ನು ಪಾಲಿಸಬೇಕು ಎಂದರೆ ಬಂದರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ಬೋರ್ಡಿನಲ್ಲಿ ನಾಮಪದವನ್ನೇ ಬಿಟ್ಟು, ‘ಈ ಷರತ್ತುಗಳನ್ನು ದಿನವೂ ಪಾಲಿಸಿ’ ಎಂದು ಬರೆದರೆ ಸಾಲದೇ? ಪುಸ್ತಕದ ತಲೆಬರಹಕ್ಕೆ ‘ಷರತ್ತು ಪಾಲನೆ’ ಹಾಕಬಹುದು.

ಇನ್ನೊಂದು ಪದವೂ ಮನಸ್ಸಿಗೆ ಬರುತ್ತಿದೆ: ‘ಕಟ್ಟಳೆ’. ದೇವಸ್ಥಾನದ ಕಟ್ಟಳೆ, ಊರಿನ ಕಟ್ಟಳೆ ಎನ್ನುತ್ತೇವೆ. ಯಾರು ನೋಡಲಿ ಬಿಡಲಿ, ಅದು ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ತಪ್ಪಿದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ. ‘ಕಟ್ಟಳೆ ನಡೆಸುವುದು’ ಎಂದರೆ ದಿನದಿನವೂ ಮಾಡುವ ಕೆಲಸ ಎಂಬ ಅರ್ಥ ತಾನಾಗಿಯೇ ಬರುತ್ತದೆ, ಅದು ನನಗೆ ಇಷ್ಟ. ಆದರೆ ಓದುವವರಿಗೆ ಇದು ಸಂಪ್ರದಾಯ, ಕಾನೂನಲ್ಲ ಎಂದು ಅನ್ನಿಸಿಬಿಡಬಹುದು. ನಿಮಗೆ ಹೇಗೆ ಕೇಳುತ್ತದೆ?

‘ರಿಸ್ಕ್’ ಇನ್ನೂ ಕಷ್ಟ. ‘ಅಪಾಯ’ ಎಂದು ಬರೆದರೆ ತಲೆಬುರುಡೆ ಚಿತ್ರದ ಕರೆಂಟ್ ಬೋರ್ಡು ನೆನಪಾಗುತ್ತದೆ. ಅದು ‘ಹಜಾರ್ಡ್’ ಎಂಬುದಕ್ಕೆ ಸರಿ. ಐಸ್ ಪ್ಲಾಂಟಿನಲ್ಲಿ ತಂಪು ಮಾಡಲು ಬಳಸುವ ಅಮೋನಿಯಾ ಯಾವಾಗಲೂ ಇರುತ್ತದೆ, ಅದು ಅಪಾಯಕಾರಿ ವಸ್ತು. ಅದು ಸೋರುವ ಸಂಭವ ಎಷ್ಟು, ಸೋರಿದರೆ ಯಾರಿಗೆ ಎಷ್ಟು ಕೇಡು ಎಂಬ ಲೆಕ್ಕವೇ ರಿಸ್ಕ್. ವಾಲ್ವ್ ಹೊಸದಿದ್ದಾಗ ಅದು ಕಡಿಮೆ, ಪ್ಯಾಕಿಂಗ್ ಸವೆದಾಗ ಜಾಸ್ತಿ. ಅಮೋನಿಯಾ ಮಾತ್ರ ಎರಡು ಸಲವೂ ಅದೇ. ಎರಡಕ್ಕೂ ‘ಅಪಾಯ’ ಎಂದೇ ಬರೆದರೆ ಈ ವ್ಯತ್ಯಾಸ ಮುಳುಗಿಹೋಗುತ್ತದೆ. ‘ಗಂಡಾಂತರ’ ಎಂದರೆ ಜಾತಕ ನೆನಪಾಗುತ್ತದೆ. ವಾಣಿಜ್ಯದ ಪುಸ್ತಕಗಳ ‘ನಷ್ಟಭಯ’ ಹಣದ ಮಾತಷ್ಟೇ ಆಡುತ್ತದೆ. ಸೋರಿದ ಅಮೋನಿಯಾ ಆವಿಯನ್ನು ನೀರು ಸಿಂಪಡಿಸಿ ಅಡಗಿಸುತ್ತಾರೆ. ಆ ನೀರು ಚರಂಡಿ ಹಿಡಿದು ಹೊಳೆಗೆ ಇಳಿದರೆ ಮೀನಿಗೆ ವಿಷ. ಗಜನಿಗೆ (ಹೊಳೆಯ ಉಪ್ಪುನೀರು ಹತ್ತುವ ತಗ್ಗು ಗದ್ದೆಗೆ) ನುಗ್ಗಿದರೆ ಅಲ್ಲಿ ಸಿಗಡಿ ಬಿಟ್ಟವರ, ಉಪ್ಪು ತಡೆಯುವ ಕಗ್ಗ ಭತ್ತ ಹಾಕಿದವರ ಗತಿ ಏನು? ಆ ನಷ್ಟ ಮಾಲೀಕರ ಲೆಕ್ಕಪುಸ್ತಕದಲ್ಲಿ ಬರುವುದೇ ಇಲ್ಲ.

ನಮ್ಮ ಕಡೆ ದೋಣಿಯವರು, ವ್ಯಾಪಾರದವರು ‘ಜೋಖೀಮ್’ ಎನ್ನುತ್ತಾರೆ. ಕೊಂಕಣಿ ಮಾತಾಡುವವರಿಗೂ ಇದು ಮನೆಯ ಮಾತೇ. ‘ಗಾಳಿ ಎದ್ದಿದೆ, ಈಗ ಹೋದರೆ ಜೋಖೀಮ್’ ಎನ್ನುವಾಗ ಸಂಭವ, ಕೇಡು ಎರಡೂ ಅದರಲ್ಲಿ ಸೇರಿವೆ. ‘ಅಮೋನಿಯಾ ಅಪಾಯಕಾರಿ. ವಾಲ್ವ್ ನೋಡದೆ ಬಿಟ್ಟರೆ ಜೋಖೀಮು ಹೆಚ್ಚು’ ಎಂದು ಬರೆದು ನೋಡಿದೆ. ನನಗೆ ಸರಿ ಎನಿಸುತ್ತಿದೆ. ಘಟ್ಟದ ಮೇಲಿನವರಿಗೆ, ಶಿರಸಿ, ಸಿದ್ದಾಪುರದವರಿಗೆ ಇದು ಒಪ್ಪುತ್ತದೆಯೇ? ಮೈಸೂರು ಕಡೆಯವರಿಗೆ ಪದ ಗೊತ್ತೇ?

ಕಂಪ್ಲಯನ್ಸಿಗೆ, ರಿಸ್ಕಿಗೆ ಎರಡು ಬೇರೆ ಬೇರೆ ಪದ ಇರಲೇಬೇಕು ಎಂದು ಹಟ ಹಿಡಿಯಲು ಕಾರಣ ಇದೆ. ‘ಪೇಪರ್ ಎಲ್ಲ ಕ್ಲಿಯರ್ ಇದೆ, ಇನ್ನೇನು ಭಯ’ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. 1985ರಲ್ಲಿ ದೆಹಲಿಯಲ್ಲಿ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮರುವರ್ಷ ಖಡಾಖಂಡಿತವಾಗಿ ಹೇಳಿತು: ಅಪಾಯಕಾರಿ ಉದ್ದಿಮೆ ನಡೆಸುವವರು, ನಾವು ಎಲ್ಲ ಎಚ್ಚರಿಕೆ ವಹಿಸಿದ್ದೆವು ಎಂದು ಹೇಳಿ ಹೊಣೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಅಂದರೆ ಷರತ್ತು ಪಾಲಿಸಿದರೂ ಜೋಖೀಮು ಉಳಿದೇ ಇರುತ್ತದೆ. ಅದನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು. ‘ಪರಿಸರ ಸುರಕ್ಷತೆ’ ಎಂದು ಎರಡನ್ನೂ ಒಂದೇ ಗಂಟು ಕಟ್ಟಿದರೆ ಈ ಮಾತು ಹೇಳಲು ಬಾಯೇ ಇರುವುದಿಲ್ಲ.

ಕೊನೆಗೊಂದು ಸಣ್ಣ ಪ್ರಶ್ನೆ, ಕರಾವಳಿಯವರಿಗೆ. ಹೊರಬಿಡುವ ನೀರಿನ ಸಾಮಾನ್ಯ ಮಿತಿಗಳ ಪಟ್ಟಿಯಲ್ಲಿ ಒಳನಾಡಿನ ನೀರಿಗೆ ಒಂದು ಕಾಲಂ, ಕಡಲಿಗೆ ಒಂದು ಕಾಲಂ ಇದೆ. ಬಿಒಡಿ (ನೀರಿನಲ್ಲಿರುವ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ) ಮಿತಿ ಹೊಳೆಗಾದರೆ ಲೀಟರಿಗೆ 30 ಮಿಲಿಗ್ರಾಂ, ಕಡಲಿಗಾದರೆ 100. ಹೊಳೆ ಕಡಲು ಸೇರುವ ಅಳಿವೆಗೆ ಬೇರೆ ಕಾಲಂ ಇಲ್ಲ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಮಾತ್ರ ಭರತದ ನೀರು ಒಳಗೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೂ ಅನ್ವಯಿಸುತ್ತದೆ. ವರ್ಷದಲ್ಲಿ ತೀರಾ ಒಣ ಕಾಲದಲ್ಲಿ ಸಾವಿರಕ್ಕೆ 5 ಪಾಲು ಉಪ್ಪಿರುವ ಜಾಗವೇ ಅದರ ಗಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ದಡದವರು ಹೀಗೆ ಉಪ್ಪುನೀರು ಹತ್ತುವ ಹೊಳೆಯ ಭಾಗಕ್ಕೆ ಒಂದೇ ಪದದಲ್ಲಿ ಏನಾದರೂ ಹೇಳುತ್ತಾರೆಯೇ? ‘ಅಳಿವೆ’ ಎಂದರೆ ಬಾಯಿಯ ಹತ್ತಿರದ ಜಾಗ ಮಾತ್ರ ಆಗುತ್ತದೆ, ನನಗೆ ಬೇಕಾದದ್ದು ಅದಕ್ಕಿಂತ ಮೇಲಿನ ತನಕ. ಚಿಪ್ಪಿಕಲ್ಲು ತೆಗೆಯುವವರು, ಗಜನಿ ಮಾಡುವವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಒಂದು ಮಾತು ಕೇಳಿ ತಿಳಿಸಿ. ಮಳೆ ಹಿಡಿಯುವ ಮೊದಲು ಬೋರ್ಡು ಬರೆಯುವವರಿಗೆ ಕೊಡಬೇಕು.