ರಕ್ತದ ಹೆಪ್ಪನ್ನು ಎಳೆದು ತೆಗೆಯುವ ಜಾಲರಿ ಎಲ್ಲ ಲಕ್ವಾ ರೋಗಿಗಳಿಗೂ ಏಕಿಲ್ಲ?

ಪ್ರಶ್ನೆ (ಬ್ಯಾಡಗಿ):
ಕಳೆದ ತಿಂಗಳು ನಮ್ಮ ಕಾಕಾ ಬೆಳಗಿನ ಚಹಾ ಕುಡಿಯುತ್ತಿದ್ದಾಗ ಬಲಗೈಯಲ್ಲಿದ್ದ ಬಸಿ ಓರೆಯಾಗಿ ಚಹಾ ಧೋತರದ ಮೇಲೆ ಚೆಲ್ಲಿತು. ಒರೆಸಿಕೊಳ್ಳಲು ಆ ಕೈ ಏಳಲಿಲ್ಲ, ಮಾತೂ ತೊದಲಿತು. ಹುಬ್ಬಳ್ಳಿಯ ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಅದರ ಬೆನ್ನಲ್ಲೇ ತೊಡೆಸಂದಿನ ರಕ್ತನಾಳದ ಮೂಲಕ ತಂತಿಯ ಜಾಲರಿಯನ್ನು ಮೆದುಳಿನವರೆಗೆ ಕಳಿಸಿ ಹೆಪ್ಪನ್ನು ಹೊರಗೆಳೆದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಆದರೆ ಪಕ್ಕದ ಹಾಸಿಗೆಯಲ್ಲಿದ್ದ ಗದಗ ಕಡೆಯವರಿಗೆ ಇಂಜೆಕ್ಷನ್ ಮಾತ್ರ ಕೊಟ್ಟರು. ಈ ವ್ಯತ್ಯಾಸ ಹಣದ್ದೋ, ರೋಗದ್ದೋ?

ಉತ್ತರ (ಧಾರವಾಡ, ರಕ್ತನಾಳದೊಳಗೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್‌ನ ತಂತ್ರಜ್ಞ):
ಅವರ ಸ್ಕ್ಯಾನ್ ನೋಡದೆ ಖಚಿತವಾಗಿ ಹೇಳಲಾಗದು. ಸಾಮಾನ್ಯವಾಗಿ ಇದು ಹೆಪ್ಪು ಕೂತ ಜಾಗದ ಪ್ರಶ್ನೆ. ಕೊರಳಿನ ಕ್ಯಾರಟಿಡ್ ಧಮನಿ ಅಥವಾ ಮೆದುಳಿನ ನಡುಧಮನಿಯ ಬುಡದಂಥ ದೊಡ್ಡ ನಾಳ ಕಟ್ಟಿಕೊಂಡಿರುವುದು ಸಿಟಿ ಆಂಜಿಯೋಗ್ರಾಂನಲ್ಲಿ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಕಂಡರೆ ಮಾತ್ರ ಜಾಲರಿಯ ಮಾತು ಬರುತ್ತದೆ, ಏಕೆಂದರೆ ಅಲ್ಲಿನ ದೊಡ್ಡ ಹೆಪ್ಪು ಇಂಜೆಕ್ಷನ್ನಿಗೆ ಬಹಳ ಸಲ ಜಗ್ಗುವುದಿಲ್ಲ. ತೀರ ಸಣ್ಣ ನಾಳಗಳಿಗೆ ಜಾಲರಿ ಹೋಗುವುದೇ ಇಲ್ಲ.

ಜಾಲರಿ ನಿಟಿನಾಲ್ ಎಂಬ, ಮಡಚಿದರೂ ಮತ್ತೆ ಮೊದಲಿನ ಆಕಾರಕ್ಕೆ ಬರುವ ಮಿಶ್ರಲೋಹದ್ದು. ಮಡಚಿಕೊಂಡ ಸ್ಥಿತಿಯಲ್ಲಿ ಅದನ್ನು ಕೂದಲೆಳೆಯಂಥ ಕೊಳವೆಯೊಳಗೆ ಹೆಪ್ಪಿನಾಚೆ ದಾಟಿಸಿ, ಕೊಳವೆಯನ್ನು ಹಿಂದೆ ಸರಿಸಿದೊಡನೆ ಅದು ತಾನಾಗಿ ಅರಳಿ ಹೆಪ್ಪಿನೊಳಗೆ ಹೆಣೆದುಕೊಳ್ಳುತ್ತದೆ. ಕೆಲವು ನಿಮಿಷ ಹಾಗೆಯೇ ಬಿಟ್ಟು, ಹೀರುವ ಸಿರಿಂಜ್ ಹಚ್ಚಿ ನಿಧಾನವಾಗಿ ಎಳೆಯುತ್ತಾರೆ. ಬಿಳಿ ಗಾಜ್ ಬಟ್ಟೆಯ ಮೇಲಿಟ್ಟಾಗ ಕಾಣುವುದು ಕೆಲವೊಮ್ಮೆ ಅಕ್ಕಿಕಾಳಿನಷ್ಟು ಕಡುಗೆಂಪು ಚೂರು, ಇಷ್ಟಕ್ಕಾಗಿ ಒಬ್ಬ ಮನುಷ್ಯ ಮಾತು ಕಳೆದುಕೊಂಡಿದ್ದನೇ ಎನಿಸುತ್ತದೆ. ಒಂದೇ ಎಳೆತಕ್ಕೆ ಬಾರದೆ ಎರಡು ಮೂರು ಸಲ ಯತ್ನಿಸುವುದೂ, ಚೂರು ಮುರಿದು ಮುಂದೆ ಹೋಗುವುದೂ ಉಂಟು. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಪಡೆದ ‘ಮರ್ಸಿ’ ಸಾಧನ ಬೂಚು ತೆಗೆಯುವ ಸುರುಳಿಯಂತಿತ್ತು. 2012ರಲ್ಲಿ ಬಂದ ‘ಸಾಲಿಟೇರ್’, ‘ಟ್ರೆವೊ’ ಜಾಲರಿಗಳು ಅದನ್ನು ಹಿಂದೆ ಹಾಕಿದವು.

ಉತ್ತರ (ರಾಣೆಬೆನ್ನೂರು):
ಸಮಯದ ಮಾತೂ ಇದೆ. ಲಕ್ವಾ ಹೊಡೆದ ಹೊತ್ತಿನಿಂದ ಎಣಿಸಿ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸು, ಜಾಲರಿಗೆ ಆರು ತಾಸು ಗಡುವು. 2018ರ ‘ಡಾನ್’ ಅಧ್ಯಯನದ ನಂತರ, ಮೆದುಳಿನಲ್ಲಿ ಇನ್ನೂ ಉಳಿಸಬಹುದಾದ ಭಾಗ ಸ್ಕ್ಯಾನಿನಲ್ಲಿ ಕಂಡ ಆಯ್ದ ರೋಗಿಗಳಿಗೆ 24 ತಾಸಿನವರೆಗೂ ಜಾಲರಿ ಚಿಕಿತ್ಸೆ ಮಾಡುತ್ತಾರೆ. ನಮ್ಮ ಕಡೆ ಮೊದಲು ಎಣ್ಣೆ ತಿಕ್ಕುವವರ ಮನೆಗೆ ಒಯ್ಯುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಪ್ರಶ್ನೆ (ಬ್ಯಾಡಗಿ):
ನಿದ್ದೆಯಿಂದ ಏಳುವಾಗಲೇ ಲಕ್ವಾ ಹೊಡೆದಿದ್ದರೆ ಯಾವ ಹೊತ್ತನ್ನು ಹೇಳಬೇಕು?

ಉತ್ತರ (ಧಾರವಾಡ):
ಎದ್ದ ಹೊತ್ತನ್ನಲ್ಲ, ಅವರು ಚೆನ್ನಾಗಿದ್ದುದನ್ನು ಮನೆಯವರು ಕೊನೆಯ ಸಲ ಕಂಡ ಹೊತ್ತನ್ನು ಹೇಳಿರಿ. ರಾತ್ರಿ ನೀರು ಕುಡಿಯಲು ಎದ್ದು ಮಾತಾಡಿದ್ದರೆ ಅದನ್ನೂ ತಿಳಿಸಿರಿ.