ಗೆಳತಿಯರ ಜೊತೆ ಫ್ಲಾರೆನ್ಸ್: ಹೋಗಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ

ನಾವು ಐದು ಜನ ಗೆಳತಿಯರು, ಮೈಸೂರಿನಲ್ಲಿ ಒಟ್ಟಿಗೆ ಡಿಗ್ರಿ ಓದಿದವರು. ಎಲ್ಲರಿಗೂ ಐವತ್ತು ದಾಟಿದೆ. ಮಕ್ಕಳ ಓದು, ಮದುವೆ ಅಂತ ಮುಂದೂಡುತ್ತಾ ಬಂದ ಪ್ರವಾಸ ಈ ಅಕ್ಟೋಬರ್‌ಗೆ ಗಟ್ಟಿಯಾಗಿದೆ. ರೋಮ್‌ನಲ್ಲಿ ಇಳಿದು, ಅಲ್ಲಿಂದ ಫ್ಲಾರೆನ್ಸ್‌ಗೆ ಹೋಗಿ ನಾಲ್ಕು ದಿನ ಇರುತ್ತೇವೆ. ಒಬ್ಬಳಿಗೆ ಮಂಡಿ ನೋವು. ಇಬ್ಬರು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಒಬ್ಬಳಿಗೆ ಚಿತ್ರಕಲೆ ಅಂದರೆ ಪ್ರಾಣ, ಇನ್ನೊಬ್ಬಳಿಗೆ ಅಂಗಡಿ ಸುತ್ತಬೇಕು. ಏನು ಬುಕ್ ಮಾಡಬೇಕು, ಏನು ಬಿಡಬೇಕು, ಮುನಿಸಿಕೊಳ್ಳದೆ ವಾಪಸ್ ಬರೋದು ಹೇಗೆ?

ಗೆಳತಿಯರ ಗುಂಪಿನಲ್ಲೇ ಹೋಗಿ ಬಂದವರ ಉತ್ತರ

ದಿನಕ್ಕೆ ಒಂದೇ ಟೈಮ್ ಟಿಕೆಟ್ (ಇಂಥ ಗಂಟೆಗೇ ಒಳಗೆ ಹೋಗಬೇಕು ಅನ್ನುವ ಟಿಕೆಟ್) ಇಟ್ಟುಕೊಳ್ಳಿ. ನಾನು ಒತ್ತಿ ಹೇಳುವುದು ಇದೊಂದನ್ನೇ. ಫ್ಲಾರೆನ್ಸ್‌ನಲ್ಲಿ ಗುಂಪು ಒಡೆಯುವುದು ಮನಸ್ತಾಪದಿಂದ ಅಲ್ಲ, ಸುಸ್ತಿನಿಂದ. ಬೆಳಿಗ್ಗೆ ಉಫೀತ್ಸಿ ಚಿತ್ರ ಮ್ಯೂಸಿಯಂ, ಮಧ್ಯಾಹ್ನ ದೊಡ್ಡ ಚರ್ಚಿನ ಗುಮ್ಮಟ, ಸಂಜೆ ಡೇವಿಡ್ ಮೂರ್ತಿ ಇರುವ ಅಕಾಡೆಮಿಯಾ ಮ್ಯೂಸಿಯಂ ಅಂತ ಒಂದೇ ದಿನಕ್ಕೆ ತುಂಬಿದರೆ, ರಾತ್ರಿ ಊಟದ ಹೊತ್ತಿಗೆ ಒಬ್ಬರ ಜೊತೆ ಒಬ್ಬರು ಮಾತಾಡುವಷ್ಟೂ ಶಕ್ತಿ ಇರುವುದಿಲ್ಲ. ಹಳೇ ಊರು ಚಿಕ್ಕದು. ದುವೋಮೊ ಅನ್ನುವ ಆ ದೊಡ್ಡ ಚರ್ಚಿನಿಂದ ಪೊಂಟೆ ವೆಕಿಯೊ ಸೇತುವೆಗೆ ನಡೆದರೆ ಹತ್ತು ನಿಮಿಷ. ಹಾಗಾಗಿ ಬೆಳಿಗ್ಗೆ ಎಲ್ಲರೂ ಸೇರಿ ಒಂದು ದೊಡ್ಡ ಜಾಗ ನೋಡಿ. ಆಮೇಲೆ ಅವರವರ ಇಷ್ಟ. ಸಂಜೆ ಒಂದು ಹೊತ್ತು, ಒಂದು ಜಾಗ ಹೇಳಿಕೊಂಡು ಮತ್ತೆ ಸೇರಿ.

ಸೇರಲು ಒಳ್ಳೆಯ ಜಾಗ ಪಿಯಾತ್ಸಾ ಸಿನ್ಯೋರಿಯಾ ಚೌಕದ ಲೊಜಿಯಾ ದೇಯ್ ಲಾಂತ್ಸಿ. ಮೂರು ದೊಡ್ಡ ಕಮಾನುಗಳ ತೆರೆದ ಮಂಟಪ, ಟಿಕೆಟ್ ಇಲ್ಲ. ಗ್ರೀಕ್ ಪುರಾಣದ ಮೆಡೂಸಾಳ ತಲೆ ಎತ್ತಿ ಹಿಡಿದ, ಶಿಲ್ಪಿ ಚೆಲ್ಲೀನಿಯ ಕಂಚಿನ ಪರ್ಸಿಯಸ್ ಅಲ್ಲೇ ನಿಂತಿದ್ದಾನೆ. ಕಾಯುವವರಿಗೆ ಬೇಜಾರಾಗುವುದಿಲ್ಲ.

ಉಫೀತ್ಸಿಗೆ ಕನಿಷ್ಠ ಮೂರು ಗಂಟೆ ಬೇಕು. ಬಾಟಿಚೆಲ್ಲಿಯ ‘ವೀನಸ್ ಜನನ’ ಮತ್ತು ‘ಪ್ರಿಮಾವೆರಾ’ ಮುಂದೆ ಯಾವಾಗಲೂ ಜನ. ಸ್ವಲ್ಪ ತಾಳಿ, ಗುಂಪು ಕರಗುತ್ತದೆ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಚಿತ್ರ ಇಷ್ಟಪಡುವ ಗೆಳತಿ ಒಳಗೇ ಇರಲಿ, ಉಳಿದವರು ಬಂದು ಮಂಟಪದಲ್ಲಿ ಕೂರಲಿ. ಅವಳನ್ನು ಅವಸರ ಮಾಡಬೇಡಿ, ಪ್ಲೀಸ್. ಇಷ್ಟು ದೂರ ಬಂದಿರೋದೇ ಅದಕ್ಕೆ ಅಲ್ವಾ?

ಇಷ್ಟೆಲ್ಲಾ ಒಂದೇ ಊರಿನಲ್ಲಿ ಉಳಿದದ್ದು ಹೇಗೆ ಅಂತ ತಿಳಿದು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಫ್ಲಾರೆನ್ಸ್ ಆಳಿದ ಮೆದಿಚಿ ಮನೆತನದ ಕೊನೆಯ ಹೆಣ್ಣುಮಗಳು ಅನ್ನಾ ಮರಿಯಾ ಲೂಯಿಸಾ. ಮಕ್ಕಳಿರಲಿಲ್ಲ. ತಮ್ಮ ತೀರಿಕೊಂಡಾಗ ರಾಜ್ಯ ಬೇರೆ ಮನೆತನಕ್ಕೆ ಹೋಯಿತು. ಆಗ, 1737ರಲ್ಲಿ, ಆಕೆ ಒಂದು ಒಪ್ಪಂದ ಮಾಡಿಕೊಂಡಳು: ಮನೆತನ ಕೂಡಿಟ್ಟ ಚಿತ್ರ, ಶಿಲ್ಪ, ಪುಸ್ತಕ ಎಲ್ಲವೂ ನಿಮಗೆ, ಆದರೆ ಒಂದೂ ಫ್ಲಾರೆನ್ಸ್ ಬಿಟ್ಟು ಹೋಗಕೂಡದು. ಊರಿನ ಶೋಭೆಗೆ, ಜನರ ಉಪಯೋಗಕ್ಕೆ, ಹೊರಗಿನವರು ಬಂದು ನೋಡುವುದಕ್ಕೆ ಅಂತ ಬರೆಸಿದಳು. ಹೊರಗಿನವರು ಅಂದರೆ ನಾವೇ. ನನಗೆ ಇಡೀ ಫ್ಲಾರೆನ್ಸ್‌ನಲ್ಲಿ ಆಕೆಯ ಮೇಲಿರುವಷ್ಟು ಗೌರವ ಇನ್ಯಾರ ಮೇಲೂ ಇಲ್ಲ.

ಅಕಾಡೆಮಿಯಾದಲ್ಲಿ ಎಲ್ಲರೂ ಸೀದಾ ಡೇವಿಡ್ ಹತ್ತಿರ ಓಡುತ್ತಾರೆ. ಐದು ಮೀಟರ್‌ಗಿಂತ ಎತ್ತರದ ಮೂರ್ತಿ, ಮೈಕೆಲೇಂಜೆಲೊ 1501ರಿಂದ 1504ರವರೆಗೆ ಕೆತ್ತಿದ್ದು. ಓಡಬೇಡಿ. ಅವನ ಕಡೆಗೆ ಹೋಗುವ ಹಜಾರದ ಎರಡೂ ಬದಿಯಲ್ಲಿ ಅರ್ಧ ಕೆತ್ತಿ ಬಿಟ್ಟ ಬಂದಿಗಳ ಮೂರ್ತಿಗಳಿವೆ. ಹತ್ತಿರ ನಿಂತು ನೋಡಿ. ಹೊಟ್ಟೆ, ತೊಡೆ ನುಣುಪಾಗಿ ಹೊರಗೆ ಬಂದಿವೆ, ತಲೆ ಇನ್ನೂ ಕಲ್ಲಿನೊಳಗೇ ಇದೆ. ಉಳಿದ ಕಲ್ಲಿನ ಮೇಲೆ ಉಳಿಯ ಹಲ್ಲಿನ ಗೆರೆಗಳು ಸಾಲುಸಾಲಾಗಿ ಕಾಣುತ್ತವೆ. ಕೈ ಯಾವ ದಿಕ್ಕಿನಿಂದ ಹೊಡೆದಿದೆ ಅಂತ ಗೊತ್ತಾಗುವಷ್ಟು ಸ್ಪಷ್ಟ. ಇದನ್ನು ನೋಡಿದ ಮೇಲೆ ಡೇವಿಡ್ ಮುಂದೆ ನಿಂತರೆ, ಅವನೂ ಹೀಗೇ ಒಂದು ಬಂಡೆಯೊಳಗಿದ್ದ ಅನ್ನೋದು ಮನಸ್ಸಿಗೆ ಬರುತ್ತದೆ.

ಮಂಡಿ ನೋವಿನವರು ದುವೋಮೊದ ಗುಮ್ಮಟ ಹತ್ತುವುದು ಬೇಡ. 463 ಮೆಟ್ಟಿಲು, ಲಿಫ್ಟ್ ಇಲ್ಲ, ಇಕ್ಕಟ್ಟು. ಪಕ್ಕದ ಜೊಟ್ಟೊ ಗೋಪುರವೂ 414 ಮೆಟ್ಟಿಲು. ಆಗುವವರು ಗುಮ್ಮಟ ಹತ್ತಲಿ. ಬ್ರುನೆಲೆಸ್ಕಿ ಅದನ್ನು ಕೆಳಗಿನಿಂದ ಮರದ ಆಸರೆ ಕೊಡದೆ 1420ರಿಂದ 1436ರೊಳಗೆ ಕಟ್ಟಿಸಿದ. ಹತ್ತುವ ದಾರಿಯಲ್ಲಿ ಎರಡು ಪದರದ ಗೋಡೆಯ ನಡುವೆಯೇ ನಡೆಯುತ್ತೀರಿ, ಇಟ್ಟಿಗೆ ಹೊಂದಿಸಿದ ರೀತಿ ಕಾಣುತ್ತದೆ. ಆ ಹೊತ್ತಿನಲ್ಲಿ ಉಳಿದವರು ಹಿಂದುಗಡೆ ಇರುವ ದುವೋಮೊ ಮ್ಯೂಸಿಯಂಗೆ ಹೋಗಲಿ. ಅಲ್ಲಿ ಲಿಫ್ಟ್ ಇದೆ. ದುವೋಮೊ ಎದುರಿನ ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನದ ಕಟ್ಟಡ) ಗೆ ಶಿಲ್ಪಿ ಗಿಬೆರ್ಟಿ 27 ವರ್ಷ ಕೂತು ಮಾಡಿದ ಚಿನ್ನದ ಲೇಪದ ಬಾಗಿಲುಗಳ ಮೂಲ ಪ್ರತಿ ಅಲ್ಲಿದೆ. ಹೊರಗೆ ಜನ ಮುಗಿಬಿದ್ದು ಫೋಟೋ ತೆಗೆಯುವುದು ನಕಲಿನದು. ಗುಮ್ಮಟಕ್ಕೆ ದಿನ, ಗಂಟೆ ಎರಡೂ ಮೊದಲೇ ಬುಕ್ ಆಗಿರಬೇಕು. ಅಕ್ಟೋಬರ್‌ನಲ್ಲಿ ಬೇಗ ತುಂಬುತ್ತದೆ.

ದುಡ್ಡಿನ ವಿಷಯ. ಎಲ್ಲರೂ ಸಮ ಸಮ ಹಾಕಿ ಒಂದು ಕಾಮನ್ ಪರ್ಸ್ ಮಾಡಿ. ಕಾಫಿ, ಬಸ್, ನೀರು, ಸೇರಿ ತಿಂದ ಊಟ ಎಲ್ಲಾ ಅದರಿಂದ. ಖಾಲಿಯಾದಾಗ ಮತ್ತೆ ಹಾಕಿ. ಶಾಪಿಂಗ್ ಮತ್ತು ವೈನ್ ಅವರವರ ಪರ್ಸಿನಿಂದ. ಮನೆ ಬಾಡಿಗೆಗೆ ಹಿಡಿಯುವುದಾದರೆ ಲಿಫ್ಟ್ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಹಳೇ ಕಟ್ಟಡಗಳ ಮೆಟ್ಟಿಲು ಕಡಿದಾಗಿರುತ್ತವೆ, ಸೂಟ್‌ಕೇಸ್ ಹೊತ್ತು ಏರುವುದು ಕಷ್ಟ. ಬಾಡಿಗೆಯ ಮೇಲೆ ಊರಿನ ತೆರಿಗೆ ಅಂತ ತಲೆಗೆ, ರಾತ್ರಿಗೆ ಇಷ್ಟು ಅಂತ ಬೇರೆ ಕೊಡಬೇಕಾಗುತ್ತದೆ.

ಮಿಲಾನ್‌ನಲ್ಲಿರುವ ಕನ್ನಡಿಗರೊಬ್ಬರ ಉತ್ತರ

ಮೇಡಂ ಹೇಳಿದ ‘ದಿನಕ್ಕೆ ಒಂದು’ ನೂರಕ್ಕೆ ನೂರು ಸರಿ. ನಾನು ಓಡಾಟದ ವಿಷಯ ಸೇರಿಸುತ್ತೇನೆ.

ರೋಮ್ ತೆರ್ಮಿನಿಯಿಂದ ಫ್ಲಾರೆನ್ಸ್‌ಗೆ ಫಾಸ್ಟ್ ಟ್ರೇನ್‌ನಲ್ಲಿ ಸುಮಾರು ಒಂದೂವರೆ ಗಂಟೆ. ಬೇಗ ಬುಕ್ ಮಾಡಿದಷ್ಟೂ ಅಗ್ಗ. ಇಳಿಯಬೇಕಾದದ್ದು ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್, ಊರ ನಡುವೆ ಇದೆ. ಲೋಕಲ್ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಮೆಷಿನ್‌ನಲ್ಲಿ ಮುದ್ರೆ ಹಾಕಿಸಲೇಬೇಕು. ಟಿಕೆಟ್ ಇದ್ದರೂ ಮುದ್ರೆ ಇಲ್ಲ ಅಂದರೆ ದಂಡ. ಟಿಕೆಟ್ ಮೆಷಿನ್ ಹತ್ತಿರ ‘ಹೆಲ್ಪ್ ಮಾಡಲಾ?’ ಅಂತ ಬರುವವರಿಗೆ ಬೇಡ ಅನ್ನಿ. ಬ್ಯಾಗ್ ಮುಂದೆ ಹಾಕಿಕೊಳ್ಳಿ. ಬೀದಿಯಲ್ಲಿ ನೆಲದ ಮೇಲೆ ಹಾಸಿಟ್ಟ ಚಿತ್ರಗಳನ್ನು ತುಳಿಯದ ಹಾಗೆ ನಡೆಯಿರಿ, ತುಳಿದರೆ ದುಡ್ಡು ಕೇಳುತ್ತಾರೆ.

ಕಾರು ಬಾಡಿಗೆಗೆ ತಗೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹಳೇ ಊರಿಗೆ ಹೊರಗಿನ ಗಾಡಿಗಳಿಗೆ ನಿರ್ಬಂಧ ಇದೆ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ಎಷ್ಟೋ ತಿಂಗಳಾದ ಮೇಲೆ ದಂಡದ ಪತ್ರ ಬರುತ್ತದೆ.

ಉಫೀತ್ಸಿ ಮತ್ತು ಅಕಾಡೆಮಿಯಾ ಎರಡಕ್ಕೂ ಸೋಮವಾರ ರಜೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಉಚಿತ, ಆದರೆ ಕ್ಯೂ ನೋಡಿದರೆ ಸಾಕಾಗುತ್ತದೆ. ಗುಂಪಿಗೆ ಆ ದಿನ ಒಳ್ಳೆಯದಲ್ಲ. ಚರ್ಚ್‌ಗಳಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಒಂದು ದುಪಟ್ಟಾ ಬ್ಯಾಗಲ್ಲಿದ್ದರೆ ಸಾಕು.

ಸೂರ್ಯಾಸ್ತಕ್ಕೆ ಗುಡ್ಡದ ಮೇಲಿನ ಚೌಕ ಪಿಯಾತ್ಸಾಲೆ ಮೈಕೆಲೇಂಜೆಲೊಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. 12ನೇ ನಂಬರ್ ಬಸ್ ಮೇಲಕ್ಕೇ ಬಿಡುತ್ತದೆ, ಮಂಡಿಗೆ ತೊಂದರೆ ಇಲ್ಲ. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ ಸಾನ್ ಮಿನಿಯಾತೊ ಚರ್ಚ್. ಸಾವಿರ ವರ್ಷ ಹಳೆಯದು, ಬಿಳಿ ಹಸಿರು ಅಮೃತಶಿಲೆಯ ಮುಂಭಾಗ, ಪ್ರವೇಶ ಉಚಿತ, ಜನ ಕಮ್ಮಿ.

ವೀಸಾಗೆ ಈಗಲೇ ಅಪಾಯಿಂಟ್‌ಮೆಂಟ್ ನೋಡಿ. ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಐವರ ಪೇಪರ್‌ಗಳಲ್ಲೂ ದಿನಾಂಕ, ಉಳಿಯುವ ಜಾಗ ಒಂದೇ ಇರಲಿ.

ಸಸ್ಯಾಹಾರಿ ಒಬ್ಬರ ಉತ್ತರ

ಊಟದ ಬಗ್ಗೆ ಭಯ ಬೇಡ, ಆದರೆ ಕೇಳಿ ತಿನ್ನಬೇಕು. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಹಳ್ಳಿ ಅಡಿಗೆಯಲ್ಲಿ ಕಾಳು, ಸೊಪ್ಪು, ಬ್ರೆಡ್ ಜಾಸ್ತಿ. ರಿಬೊಲ್ಲೀತಾ ಅಂತ ಸಿಗುತ್ತದೆ, ಬಿಳಿ ಬೀನ್ಸ್, ಕಪ್ಪು ಎಲೆಕೋಸು, ಹಳೇ ಬ್ರೆಡ್ ಹಾಕಿ ಬೇಯಿಸಿದ್ದು. ಮರುದಿನದ ಬಸ್ಸಾರಿನ ಹಾಗೆ ಮತ್ತೆ ಕುದಿಸಿದಷ್ಟೂ ರುಚಿ. ಪಾಪಾ ಅಲ್ ಪೊಮೊದೊರೊ ಟೊಮೇಟೊ ಮತ್ತು ಬ್ರೆಡ್‌ನದು. ಎರಡಕ್ಕೂ ಕೆಲವು ಕಡೆ ಮಾಂಸದ ಸಾರು ಹಾಕುತ್ತಾರೆ, ‘ಬ್ರೋದೊ ದಿ ಕಾರ್ನೆ?’ ಅಂತ ಕೇಳಿ. ಅಲ್ಲಿನ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ, ಅದು ಆ ಊರಿನ ಪದ್ಧತಿ.

ಮೊಟ್ಟೆ ಬೇಡದವರು ಗಮನಿಸಿ: ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತಿರಾಮಿಸು ಬೇಡ. ಪನ್ನಾ ಕೋತಾದಲ್ಲಿ ಜೆಲಟಿನ್. ಐಸ್‌ಕ್ರೀಂನಲ್ಲಿ ಹಾಲಿನವುಗಳಿಗೆ ಮೊಟ್ಟೆ ಇರಬಹುದು, ಹಣ್ಣಿನ ಸೊರ್ಬೆತೊ ಕೇಳಿ. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಕಟ್ಟುನಿಟ್ಟಿನವರಾದರೆ ‘ಸೆಂತ್ಸಾ ಪಾರ್ಮಿಜಾನೊ’ ಅನ್ನಿ. ಪಿತ್ಸಾ ಮರಿನಾರಾಗೆ ಚೀಸೇ ಇರುವುದಿಲ್ಲ, ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೆ. ನನಗೆ ಬಹಳ ಹಿಡಿಸಿತು.

ಮಧ್ಯಾಹ್ನದ ಊಟ ಮುಗಿದರೆ ಹೆಚ್ಚಿನ ಹೋಟೆಲ್‌ಗಳ ಅಡುಗೆಮನೆ ಸಂಜೆ ಏಳರವರೆಗೆ ಮುಚ್ಚಿರುತ್ತದೆ. ಹಸಿವು ತಡೆಯದವರು ಬ್ಯಾಗಲ್ಲಿ ಚಕ್ಲಿ, ಕೋಡುಬಳೆ ಇಟ್ಟುಕೊಳ್ಳಿ. ಬಿಲ್‌ನಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಒಂದಿಷ್ಟು ಇರುತ್ತದೆ, ಅದು ಮೋಸ ಅಲ್ಲ, ಕೂತದ್ದಕ್ಕೆ ಕೊಡುವುದು. ಕಾಫಿಯನ್ನು ಕೌಂಟರ್ ಹತ್ತಿರ ನಿಂತೇ ಕುಡಿಯಿರಿ, ಕೂತರೆ ರೇಟು ಏರುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತಗೊಂಡು ಹೋಗಿ.

ಕೇಳಿದವರು ಮತ್ತೆ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನಾಲ್ಕರಲ್ಲಿ ಒಂದು ದಿನ ಪೀಸಾ ಗೋಪುರ ಅಂತ ಇಬ್ಬರು ಹಟ ಹಿಡಿದಿದ್ದಾರೆ. ಹೋಗಬಹುದಾ?

ಮೊದಲು ಉತ್ತರಿಸಿದವರು

ಹೋಗಬಹುದು. ರೈಲಿನಲ್ಲಿ ಸುಮಾರು ಒಂದು ಗಂಟೆ, ಅರ್ಧ ದಿನದಲ್ಲಿ ಮುಗಿಯುತ್ತದೆ. ನನ್ನನ್ನು ಕೇಳಿದರೆ ಸಿಯೆನಾಗೆ ಹೋಗಿ ಅನ್ನುತ್ತೇನೆ. ಅದಕ್ಕೆ ಬಸ್ಸೇ ಒಳ್ಳೆಯದು, ಊರಿನ ಹತ್ತಿರಕ್ಕೆ ಬಿಡುತ್ತದೆ, ರೈಲ್ವೆ ಸ್ಟೇಷನ್ ಗುಡ್ಡದ ಕೆಳಗಿದೆ. ಆದರೆ ಹಟ ಹಿಡಿದವರು ಪೀಸಾಗೇ ಹೋಗಿ ಬರಲಿ. ಉಳಿದವರು ಆ ಬೆಳಿಗ್ಗೆ ಸಾನ್ ಮಾರ್ಕೊ ಮಠ ನೋಡಿ, ಮಧ್ಯಾಹ್ನದ ಮೇಲೆ ಮುಚ್ಚುತ್ತಾರೆ. ಮೆಟ್ಟಿಲು ಹತ್ತಿದ ಕೂಡಲೇ ಎದುರಿಗೆ ಫ್ರಾ ಆಂಜೆಲಿಕೊ ಬರೆದ ದೇವದೂತ ಮತ್ತು ಮೇರಿ. ಸನ್ಯಾಸಿಗಳ ಚಿಕ್ಕ ಚಿಕ್ಕ ಕೋಣೆಗಳಲ್ಲಿ ಒಂದೊಂದು ಗೋಡೆಚಿತ್ರ. ಚಿತ್ರ ಇಷ್ಟಪಡುವ ಗೆಳತಿಗೆ ಉಫೀತ್ಸಿಗಿಂತ ಇದೇ ಹಿಡಿಸಿದರೂ ಆಶ್ಚರ್ಯ ಇಲ್ಲ.

ಸಾಂತಾ ಕ್ರೋಚೆ ಕಡೆ ನಡೆಯುವಾಗ ಗೋಡೆಗಳನ್ನು ಗಮನಿಸಿ. 4 ನವೆಂಬರ್ 1966ರಂದು ಆರ್ನೊ ಹೊಳೆಯ ನೀರು ಎಲ್ಲಿಯವರೆಗೆ ಏರಿತ್ತು ಅಂತ ಕಲ್ಲಿನ ಫಲಕಗಳಿವೆ, ನಮ್ಮ ತಲೆಗಿಂತ ಎಷ್ಟೋ ಮೇಲೆ. ಆಗ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬಂದು ಕೆಸರಿನಿಂದ ಪುಸ್ತಕ, ಚಿತ್ರಗಳನ್ನು ಕೈಯಿಂದ ಕೈಗೆ ದಾಟಿಸಿ ಉಳಿಸಿದರು.

ಬೆಳಗಾವಿಯವರೊಬ್ಬರು

ಒಂದು ಜಾಗ ಯಾರೂ ಹೇಳಲಿಲ್ಲ. ಕೊಲ್ಹಾಪುರದ ರಾಜ ಎರಡನೇ ರಾಜಾರಾಮ ಇಂಗ್ಲೆಂಡಿನಿಂದ ವಾಪಸ್ ಬರುವಾಗ 1870ರ ನವೆಂಬರ್ 30ರಂದು ಫ್ಲಾರೆನ್ಸ್‌ನಲ್ಲೇ ತೀರಿಕೊಂಡ. ಇಪ್ಪತ್ತರ ಹುಡುಗ. ಎರಡು ಹೊಳೆ ಸೇರುವ ಜಾಗ ನೋಡಿ, ಕಾಷಿನೆ ತೋಟದ ಕೊನೆಯಲ್ಲಿ, ಆರ್ನೊ ದಡದಲ್ಲಿ ಅವನನ್ನು ದಹನ ಮಾಡಿದರು. ಅಲ್ಲಿ 1874ರಲ್ಲಿ ಕಟ್ಟಿದ ಛತ್ರಿ ಮಂಟಪ ಇದೆ, ಒಳಗೆ ಅವನ ಬಣ್ಣದ ಪ್ರತಿಮೆ. ಪಕ್ಕದ ದೊಡ್ಡ ಸೇತುವೆಗೂ ಅವನಿಂದಲೇ ‘ಇಂಡಿಯನ್ ಸೇತುವೆ’ ಅಂತ ಹೆಸರು. ನಮ್ಮ ಕಡೆಯವರಿಗೆ ಕೊಲ್ಹಾಪುರ ಪಕ್ಕದೂರು, ಅದಕ್ಕೇ ಹುಡುಕಿಕೊಂಡು ಹೋಗಿದ್ದೆ. ಊರ ನಡುವಿನಿಂದ ದೂರ ಇದೆ. ತೋಟದೊಳಗೆ ಮರಗಳ ಸಾಲಿನಲ್ಲಿ ನಡೆದು ಹೋಗಬಹುದು. ಮಂಡಿ ನೋವಿನವರು ಟ್ಯಾಕ್ಸಿ ಹಿಡಿಯಲಿ. ರಸ್ತೆಯಲ್ಲಿ ಕೈ ತೋರಿಸಿದರೆ ಅಲ್ಲಿ ಟ್ಯಾಕ್ಸಿ ನಿಲ್ಲಿಸುವುದು ಕಮ್ಮಿ, ಸ್ಟ್ಯಾಂಡಿಗೆ ಹೋಗಿ ಇಲ್ಲಾ ಫೋನ್ ಮಾಡಿಸಿ. ವಾಪಸ್ ಬರಲು ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಬಂದ ಗಾಡಿಯನ್ನೇ ಕಾಯಲು ಹೇಳಿ.